ಬಯಲಿನಲ್ಲಿ ನದಿ ತಿರುವುಗಳು ಆಕಾರ ಬದಲಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮತಟ್ಟು ಬಯಲಿನಲ್ಲಿ ನದಿ ನೇರವಾಗಿ ಹರಿಯದೆ ಡೊಂಕಾಗುವುದೇಕೆ?

ಏನೋ ಅಡ್ಡ ಬಂತು, ಅದಕ್ಕೇ ತಿರುಗಿತು ಎಂಬ ಉತ್ತರ ಶಾಲೆಯಲ್ಲೇ ತಲೆಗೆ ಹೊಕ್ಕಿರುತ್ತದೆ. ಬಂಡೆಯೋ ಬಿದ್ದ ಮರವೋ ಮೊದಲ ಡೊಂಕು ಎಲ್ಲಿ ಹುಟ್ಟಬೇಕು ಎಂಬುದನ್ನು ನಿರ್ಧರಿಸಬಹುದು, ಅಷ್ಟೇ. ಆ ಡೊಂಕು ಬೆಳೆಯುವುದಕ್ಕೆ ಕಾರಣ ಹರಿವಿನೊಳಗೇ ಇದೆ. ಪ್ರಯೋಗಾಲಯದ ನೇರವಾದ ತೊಟ್ಟಿಯಲ್ಲಿ ಮರಳು ಹಾಸಿ ನೀರು ಬಿಟ್ಟರೆ ಕೆಲವು ಗಂಟೆಗಳಲ್ಲಿ ಎಡಕ್ಕೊಂದು, ಮುಂದೆ ಬಲಕ್ಕೊಂದು ಎಂಬಂತೆ ಮರಳ ದಿಣ್ಣೆಗಳು ಏಳುತ್ತವೆ. ಅಲ್ಲಿ ಅಡ್ಡಿ ಎಂಬುದೇ ಇರುವುದಿಲ್ಲ. ದಿಣ್ಣೆ ಎದ್ದ ಕಡೆಯಿಂದ ನೀರು ಎದುರು ದಂಡೆಗೆ ತಳ್ಳಲ್ಪಡುತ್ತದೆ, ಆ ದಂಡೆ ಸವೆಯುತ್ತದೆ, ಸವೆದಷ್ಟೂ ನೀರು ಇನ್ನಷ್ಟು ಆ ಕಡೆಗೇ ವಾಲುತ್ತದೆ.

ಮೇಲಿನಿಂದ ನೇರವಾಗಿ ಕಾಣುವ ನದಿಯಲ್ಲೂ ತಳದ ಆಳದ ಗೆರೆ ಎಡಬಲಕ್ಕೆ ಓಲಾಡುತ್ತಿರುತ್ತದೆ. ಮಡುವಿನಿಂದ ಮಡುವಿಗೆ ಸಾಮಾನ್ಯವಾಗಿ ನದಿಯ ಅಗಲದ 5ರಿಂದ 7 ಪಟ್ಟು ದೂರ. ಎರಡು ಮಡುಗಳ ನಡುವೆ ಆಳದ ಗೆರೆ ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟುವ ತೆಳುನೀರಿನ ಜಾಗವಿರುತ್ತದೆ. ಕೆಳಗೆ ಅದನ್ನು ದಾಟು ಎಂದು ಕರೆದಿದ್ದೇವೆ.

ಹಾಗಿದ್ದರೆ ಎಲ್ಲ ನದಿಗಳೂ ಯಾಕೆ ಡೊಂಕಾಗಿಲ್ಲ?

ದಂಡೆಗೆ ಸ್ವಲ್ಪವಾದರೂ ಅಂಟು ಬೇಕು: ಜೇಡಿ, ಹೂಳು, ಬೇರು, ಯಾವುದಾದರೂ ಸರಿ. ಹೊರದಂಡೆ ಕೊರೆಯುವ ವೇಗಕ್ಕೆ ಒಳದಂಡೆ ಬೆಳೆಯುವ ವೇಗ ಸರಿಸಮ ಇದ್ದರೆ ಮಾತ್ರ ಅಗಲ ಹಾಗೇ ಉಳಿದು ಜಾಗ ಮಾತ್ರ ಸರಿಯುತ್ತದೆ. ಈ ವಿಷಯದಲ್ಲಿ ಒಂದೇ ಮಾತು ನೆನಪಿಡಬೇಕೆಂದರೆ ಅದು ಇದೇ: ಎರಡೂ ದಂಡೆಗಳದ್ದು ಒಂದೇ ಖಾತೆ. ಹೊರದಂಡೆ ಬೇಗ ಕುಸಿದು ಒಳದಂಡೆ ಹಿಂದೆ ಬಿದ್ದರೆ ನದಿ ಅಗಲವಾಗುತ್ತದೆ, ನಡುವೆ ಕುರುವೆಗಳು ಏಳುತ್ತವೆ, ಕೊನೆಗೆ ಬ್ರಹ್ಮಪುತ್ರದಂತೆ ಹಲವು ಕವಲುಗಳ ಜಡೆನದಿಯಾಗುತ್ತದೆ.

ಪ್ರಯೋಗಾಲಯದಲ್ಲಿ ದಶಕಗಟ್ಟಲೆ ಎಡವಿದ್ದು ಇಲ್ಲೇ. ಬರೀ ಮರಳಿನಲ್ಲಿ ತಿರುವು ಹುಟ್ಟುತ್ತದೆ, ಆದರೆ ಉಳಿಯುವುದಿಲ್ಲ. ನೀರು ದಿಣ್ಣೆಯ ಹಿಂಬದಿಯಲ್ಲಿ ಅಡ್ಡದಾರಿ ಮಾಡಿಕೊಂಡು ಜಡೆಯಾಗಿಬಿಡುತ್ತದೆ. 2009ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ದಂಡೆಗೆ ಬಲ ಬರಲೆಂದು ಲೂಸರ್ನ್ ಮೇವಿನ ಮೊಳಕೆ ಬೆಳೆಸಿ, ಹೂಳಿನ ಬದಲಿಗೆ ಹಗುರವಾದ ಸಣ್ಣ ಕಣಗಳನ್ನು ನೀರಿಗೆ ಬೆರೆಸಿದರು. ಮೊಳಕೆಯ ಬೇರು ಹೊರದಂಡೆಯನ್ನು ನಿಧಾನಿಸಿತು, ಸಣ್ಣ ಕಣ ದಿಣ್ಣೆಯ ಹಿಂದಿನ ಅಡ್ಡದಾರಿಯನ್ನು ಮುಚ್ಚಿತು. ಆಗ ತಿರುವು ಅಳಿಯದೆ ಉಳಿಯಿತು.

ತಿರುವಿನಲ್ಲಿ ನೀರು ನಿಜವಾಗಿ ಹೇಗೆ ಹರಿಯುತ್ತದೆ?

ಸುರುಳಿಯಾಗಿ. ತಿರುಗುವಾಗ ನೀರು ಹೊರದಂಡೆಗೆ ಒತ್ತಿಕೊಂಡು ಅಲ್ಲಿ ಮಟ್ಟ ಚೂರು ಏರುತ್ತದೆ. ಎಷ್ಟು ಏರುತ್ತದೆ ಎಂದು ತಿಳಿಯಲು ವೇಗದ ವರ್ಗವನ್ನು ನದಿಯ ಅಗಲದಿಂದ ಗುಣಿಸಿ, ಅದನ್ನು ಗುರುತ್ವ ವೇಗೋತ್ಕರ್ಷ ಮತ್ತು ತಿರುವಿನ ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಿ. 60 ಮೀಟರ್ ಅಗಲ, 150 ಮೀಟರ್ ತ್ರಿಜ್ಯ, ಸೆಕೆಂಡಿಗೆ 1.5 ಮೀಟರ್ ವೇಗ ಇದ್ದರೆ ಸುಮಾರು 9 ಸೆಂ.ಮೀ. ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಏರಿದ ಮಟ್ಟ ನೀರನ್ನು ಒಳದಂಡೆಯತ್ತ ತಳ್ಳುವ ಒತ್ತಡ ಮೇಲಿನಿಂದ ತಳದವರೆಗೂ ಒಂದೇ ಸಮ, ತಳದ ನೀರು ಮಾತ್ರ ತಿಕ್ಕಾಟದಿಂದ ನಿಧಾನ. ನಿಧಾನದ ನೀರಿಗೆ ಹೊರಕ್ಕೆ ಹಾರುವ ಬಲ ಸಾಲದು, ಹಾಗಾಗಿ ಅದು ಒಳದಂಡೆಯ ಕಡೆಗೆ ಜಾರುತ್ತದೆ. ಮೇಲಿನ ವೇಗದ ನೀರು ಹೊರಕ್ಕೆ ಹೋಗಿ ದಂಡೆಯ ಬುಡಕ್ಕೆ ಮುಳುಗುತ್ತದೆ. ಮುಂದಕ್ಕೆ ಹರಿಯುವುದೂ ಸೇರಿದರೆ ಸುರುಳಿ ಸಿದ್ಧ.

ಜೇಮ್ಸ್ ಥಾಮ್ಸನ್ 1876ರಲ್ಲೇ ಇದನ್ನು ವಿವರಿಸಿದ್ದರು. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಚಹಾದ ಲೋಟದ ಉದಾಹರಣೆಯಿಂದ ಇದನ್ನು ಜನಪ್ರಿಯಗೊಳಿಸಿದರು: ಚಮಚದಿಂದ ಕದಡಿ ಬಿಟ್ಟರೆ ಎಲೆಚೂರುಗಳು ಅಂಚಿಗೆ ಹೋಗದೆ ತಳದ ನಡುವೆ ಗುಡ್ಡೆಯಾಗುತ್ತವೆ. ಒಳದಂಡೆಯ ಬಳಿ ಮರಳು ಸೇರುವುದೂ ಹಾಗೆಯೇ.

ಹೊರದಂಡೆಯಿಂದ ಕೊಚ್ಚಿದ ಮಣ್ಣು ಎದುರಿನ ದಿಣ್ಣೆಗೇ ಹೋಗಿ ಸೇರುತ್ತದೆಯೇ?

ಬಹುಪಾಲು ಇಲ್ಲ. ಸುರುಳಿಯ ಚಿತ್ರ ನೋಡಿದವರಿಗೆ ಹಾಗೆನಿಸುವುದು ಸಹಜ. 1945ರಲ್ಲಿ ಪ್ರಕಟವಾದ ಫ್ರೀಡ್ಕಿನ್ ಅವರ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಹೊರದಂಡೆಯಿಂದ ಹೋದ ಮರಳಿನ ದೊಡ್ಡ ಪಾಲು ಅದೇ ಬದಿಯಲ್ಲೇ ಸಾಗಿ, ಕೆಳಗಿನ ದಾಟನ್ನು ಕಳೆದು, ಮುಂದಿನ ತಿರುವಿನ ಒಳದಂಡೆಯಲ್ಲಿ ನೆಲೆಯಾಗುತ್ತದೆ. ಎಡದಂಡೆಯಲ್ಲಿ ಕೊರೆತವಾದರೆ ಕೆಳಗಿನ ಎಡದಿಣ್ಣೆ ಬೆಳೆಯುತ್ತದೆ. ನುಣುಪಾದ ಹೂಳು ಮತ್ತು ಜೇಡಿಯ ಕಥೆ ಬೇರೆ. ಅವು ತೇಲುತ್ತಲೇ ಬಹುದೂರ ಹೋಗುತ್ತವೆ, ನೆರೆಯಲ್ಲಿ ಬಯಲಿಗೆ ಹರಡುತ್ತವೆ.

ದಂಡೆ ಹೆಚ್ಚು ಕುಸಿಯುವುದು ನೆರೆ ಏರುವಾಗಲೋ, ಇಳಿಯುವಾಗಲೋ?

ಬುಡ ಸವೆಯುವುದು ಏರಿದ ನೀರಿನಲ್ಲಿ. ದೊಡ್ಡ ಹೆಂಟೆಗಳು ಮಗುಚುವುದು ಹೆಚ್ಚಾಗಿ ಇಳಿಯುವಾಗ. ತುಂಬಿದ ನದಿ ದಂಡೆಯನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ಒಂದೆರಡು ದಿನದಲ್ಲಿ ನೀರು ಸರ್ರನೆ ಇಳಿದರೆ ಆ ಆಸರೆ ಹೋಗುತ್ತದೆ, ಆದರೆ ದಂಡೆಯ ಮಣ್ಣು ಇನ್ನೂ ನೀರುಂಡು ಭಾರವಾಗಿಯೇ ಇರುತ್ತದೆ. ಮಣ್ಣಿನೊಳಗೆ ಸಿಕ್ಕಿಬಿದ್ದ ನೀರಿನ ಒತ್ತಡ ಕಣಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂರಲು ಬಿಡುವುದಿಲ್ಲ. ನೆರೆ ಇಳಿಯಿತು ಎಂದು ನಿಟ್ಟುಸಿರು ಬಿಟ್ಟು ದಂಡೆಯ ತುದಿಗೆ ಹೋಗಿ ನಿಲ್ಲುವವರು ನಿಂತಿರುವುದು ಅತ್ಯಂತ ಕೆಟ್ಟ ಗಳಿಗೆಯಲ್ಲಿ.

ಬಯಲಿನ ದಂಡೆಗಳು ಸಾಮಾನ್ಯವಾಗಿ ಎರಡು ಪದರದವು. ಕೆಳಗೆ ಹಳೆಯ ದಿಣ್ಣೆಯ ಮರಳು ಅಥವಾ ಜಲ್ಲಿ, ಮೇಲೆ ನೆರೆ ತಂದ ಹೂಳು ಮತ್ತು ಜೇಡಿ. ಕೆಳಗಿನ ಮರಳು ಸುಲಭವಾಗಿ ಕೊಚ್ಚಿಹೋಗಿ ಮೇಲಿನ ಪದರ ಚಾಚಿಕೊಂಡು ನಿಲ್ಲುತ್ತದೆ. ತುದಿಯಿಂದ ಹಿಂದಕ್ಕೆ ನೆಲದಲ್ಲಿ ದಂಡೆಗೆ ಸಮಾಂತರವಾದ ಬಿರುಕು ಕಾಣಿಸಿಕೊಳ್ಳುತ್ತದೆ. ಬಿರುಕು ಕಂಡರೆ ಮುಂದಿನ ತುಂಡಿನ ಅಂಚು ಅದೇ ಎಂದು ಓದಿಕೊಳ್ಳಬೇಕು. ಹುಲ್ಲು ಮುಚ್ಚಿದ್ದರೆ ಬಿರುಕು ಕಾಲಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ.

ಬಿದ್ದ ಹೆಂಟೆಗಳು ಸ್ವಲ್ಪ ಕಾಲ ಬುಡಕ್ಕೆ ಕಾವಲಾಗುತ್ತವೆ. ಅವು ಕರಗುವ ತನಕ ನೀರು ಹಿಂದಿನ ದಂಡೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ದಂಡೆ ಹಿಂದೆ ಸರಿಯುವ ವೇಗವನ್ನು ಕೊನೆಗೆ ತೀರ್ಮಾನಿಸುವುದು ಬುಡದ ಗುಡ್ಡೆಯನ್ನು ನದಿ ಎಷ್ಟು ಬೇಗ ಹೊತ್ತೊಯ್ಯುತ್ತದೆ ಎಂಬುದು. ಒಂದು ವರ್ಷ 6 ಮೀಟರ್ ಹೋಗಿ, ಮುಂದಿನ ಎರಡು ವರ್ಷ ಏನೂ ಆಗದಿರುವುದು ಹೀಗೆ. ಆ ಎರಡು ವರ್ಷಗಳನ್ನು ನೋಡಿ ಕೊರೆತ ನಿಂತಿತು ಎನ್ನುವಂತಿಲ್ಲ.

ತಿರುವಿನ ಆಕಾರ ಯಾವ ಯಾವ ರೀತಿ ಬದಲಾಗುತ್ತದೆ?

ನಾಲ್ಕು ಚಲನೆಗಳು, ಬಹುತೇಕ ಬೆರೆತೇ ಇರುತ್ತವೆ. ತಿರುವು ಪಕ್ಕಕ್ಕೆ ಹಿಗ್ಗುತ್ತದೆ. ಇಡಿಯಾಗಿ ಕೆಳದಿಕ್ಕಿಗೆ, ಅಂದರೆ ನೀರು ಹರಿದುಹೋಗುವ ಕಡೆಗೆ, ಜಾರುತ್ತದೆ. ಅದರ ಅಕ್ಷ ತಿರುಗುತ್ತದೆ. ಒಂದು ತಿರುವಿನ ಮೈಮೇಲೆ ಇನ್ನೊಂದು ಸಣ್ಣ ತಿರುವು ಮೂಡಿ ಜೋಡಿಯಾಗುತ್ತದೆ.

ಕೆಳದಿಕ್ಕಿಗೆ ಜಾರುವುದಕ್ಕೆ ಕಾರಣವಿದೆ. ವೇಗದ ಎಳೆ ತಿರುವಿನ ನೆತ್ತಿಯಲ್ಲೇ (ಅತಿ ಹೆಚ್ಚು ಬಾಗಿದ ಜಾಗದಲ್ಲೇ) ಹೊರದಂಡೆಗೆ ತಾಗುವುದಿಲ್ಲ, ಸ್ವಲ್ಪ ಮುಂದೆ ಹೋಗಿ ತಾಗುತ್ತದೆ. ಹೆಚ್ಚಿನ ಕೊರೆತವೂ ಅಲ್ಲೇ. ಹಾಗಾಗಿ ಸಣ್ಣ, ಅಗಲವಾದ ತಿರುವುಗಳು ಮುಖ್ಯವಾಗಿ ಕೆಳಕ್ಕೆ ಸಾಗುತ್ತವೆ. ತಿರುವು ಉದ್ದವಾದಂತೆ ಹಿಗ್ಗುವಿಕೆ ಮೇಲುಗೈ ಪಡೆಯುತ್ತದೆ. ತುಂಬ ಬೆಳೆದ ತಿರುವುಗಳು ಹಲವೊಮ್ಮೆ ಮೇಲ್ದಿಕ್ಕಿಗೆ ವಾಲಿ ನಿಲ್ಲುತ್ತವೆ. ಉಪಗ್ರಹ ಚಿತ್ರದಲ್ಲಿ ನದಿ ಯಾವ ಕಡೆಯಿಂದ ಹರಿಯುತ್ತಿದೆ ಎಂದು ಊಹಿಸಲು ಈ ವಾಲಿಕೆ ಒಂದು ಸುಳಿವು.

ನೆಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ಜಾರುವ ತಿರುವಿಗೆ ಹಳೆಯ ಸರೋವರದ ಜೇಡಿಯ ಗಟ್ಟಿ ಅಡ್ಡ ಸಿಕ್ಕಿದರೆ ಅದು ಅಲ್ಲೇ ಚಪ್ಪಟೆಯಾಗುತ್ತದೆ. ಹಿಂದಿನಿಂದ ಬರುವ ತಿರುವು ಮಾತ್ರ ಬರುತ್ತಲೇ ಇರುತ್ತದೆ, ಎರಡರ ನಡುವಿನ ನೆಲ ಕಿರಿದಾಗುತ್ತದೆ.

ಒಳದಂಡೆಯಲ್ಲಿ ಕಾಣುವ ಬಾಗಿದ ಏರಿಳಿತದ ಸಾಲುಗಳು ಏನು?

ನದಿ ಹಿಂದೆ ಇದ್ದ ಜಾಗಗಳ ಗುರುತು. ದಿಣ್ಣೆ ಒಂದೇ ಸಮನೆ ಬೆಳೆಯದೆ ಏಣು ಏಣಾಗಿ ಬೆಳೆಯುತ್ತದೆ, ನಡುವೆ ತಗ್ಗು ಉಳಿಯುತ್ತದೆ. ಏಣಿನ ಮೇಲೆ ಮರ, ತಗ್ಗಿನಲ್ಲಿ ಜೊಂಡು ಬೆಳೆದರೆ ಆಕಾಶದಿಂದ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಸಾಲುಗಳು ಒಂದನ್ನೊಂದು ಕತ್ತರಿಸಿದ ಕಡೆ ಹೊಸ ಸಾಲು ಯಾವುದು, ಹಳೆಯದು ಯಾವುದು ಎಂದು ಹೇಳಬಹುದು. ಭೂವಿಜ್ಞಾನಿ ಹೆರಾಲ್ಡ್ ಫಿಸ್ಕ್ 1944ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಹಳೆಯ ಹಾದಿಗಳನ್ನು ಬಣ್ಣಬಣ್ಣದಲ್ಲಿ ನಕ್ಷೆ ಮಾಡಿದ್ದು ಇಂಥ ಗುರುತುಗಳ ಆಧಾರದ ಮೇಲೆಯೇ. ಆ ನಕ್ಷೆಗಳು ಗೋಡೆಗೆ ಹಾಕುವಷ್ಟು ಚೆಂದ. ನೆರೆಬಯಲು ಎಂದರೆ ನದಿಯ ಪಕ್ಕದ ನೆಲ ಎಂದುಕೊಂಡವರಿಗೆ ಅವನ್ನು ತೋರಿಸಬೇಕು: ಬಯಲಿನ ಬಹುಪಾಲನ್ನು ನದಿಯೇ ಸರಿದಾಡಿ ಕಟ್ಟಿದೆ.

ತಿರುವಿನ ಗಾತ್ರಕ್ಕೆ ಏನಾದರೂ ಲೆಕ್ಕವಿದೆಯೇ?

ಇದೆ, ಅದೂ ಆಶ್ಚರ್ಯವೆನಿಸುವಷ್ಟು ಸ್ಥಿರವಾದದ್ದು. ಒಂದು ಪೂರ್ಣ ಅಲೆಯ ಉದ್ದ (ಎಡತಿರುವಿನಿಂದ ಮುಂದಿನ ಎಡತಿರುವಿಗೆ) ತುಂಬಿದ ನದಿಯ ಅಗಲದ ಸುಮಾರು 10ರಿಂದ 14 ಪಟ್ಟು. ತಿರುವಿನ ತ್ರಿಜ್ಯ ಹೆಚ್ಚಾಗಿ ಅಗಲದ 2ರಿಂದ 3 ಪಟ್ಟು. ಅಂದರೆ 60 ಮೀಟರ್ ಅಗಲದ ನದಿಗೆ 600ರಿಂದ 840 ಮೀಟರ್ ಅಲೆ, 120ರಿಂದ 180 ಮೀಟರ್ ತ್ರಿಜ್ಯ. ನದಿಯ ಹಾದಿಯ ಉದ್ದವನ್ನು ಕಣಿವೆಯ ನೇರ ಉದ್ದದಿಂದ ಭಾಗಿಸಿದರೆ ವಕ್ರಾನುಪಾತ ಸಿಗುತ್ತದೆ. 1.5ಕ್ಕಿಂತ ಹೆಚ್ಚಿದ್ದರೆ ಸುತ್ತುನದಿ ಎನ್ನುವುದು ವಾಡಿಕೆ.

ಅಗಲ ಅಳೆಯುವುದು ದಾಟಿನ ಬಳಿ, ದಂಡೆ ತುಂಬುವ ಮಟ್ಟದಲ್ಲಿ. ಬೇಸಿಗೆಯ ನೀರಿನ ಅಗಲ ತೆಗೆದುಕೊಂಡರೆ ಎಲ್ಲ ಅನುಪಾತಗಳೂ ಕೆಡುತ್ತವೆ.

ವರ್ಷಕ್ಕೆ ಎಷ್ಟು ಸರಿಯುತ್ತದೆ?

ಜೇಡಿದಂಡೆಯ ಸಣ್ಣ ಹಳ್ಳದಲ್ಲಿ ಕೆಲವು ಸೆಂಟಿಮೀಟರ್. ಪೆರುವಿನ ಉಕಯಾಲಿ, ಬೊಲಿವಿಯಾದ ಮಮೋರೆಯಂಥ ನದಿಗಳಲ್ಲಿ ಹತ್ತಾರು ಮೀಟರ್. ನದಿಗಳನ್ನು ಹೋಲಿಸಬೇಕಾದರೆ ಮೀಟರ್ ಬಿಟ್ಟು, ಅಗಲದ ಶೇಕಡಾವಾರಿನಲ್ಲಿ ಹೇಳಿ.

ಹೊತ್ತು ತರುವ ಹೂಳು ಮರಳಿನ ಪ್ರಮಾಣ ಇಲ್ಲಿ ದೊಡ್ಡ ವಿಷಯ. 2014ರಲ್ಲಿ ಪ್ರಕಟವಾದ ಅಮೆಜಾನ್ ಜಲಾನಯನದ ಅಧ್ಯಯನವೊಂದು ಆಂಡಿಸ್‌ನಿಂದ ಹೇರಳ ಹೂಳು ತರುವ ನದಿಗಳು ಇತರ ನದಿಗಳಿಗಿಂತ ವೇಗವಾಗಿ ಸರಿಯುತ್ತವೆ, ಹೆಚ್ಚು ತಿರುವುಗಳನ್ನು ಕತ್ತರಿಸಿಕೊಳ್ಳುತ್ತವೆ ಎಂದು ತೋರಿಸಿತು. ಒಳದಂಡೆ ದಪ್ಪವಾದಷ್ಟೂ ಹೊರದಂಡೆಯ ಮೇಲೆ ಒತ್ತು ಹೆಚ್ಚು.

ಬಿಗಿಯಾದ ತಿರುವು ಬೇಗ ಸರಿಯುತ್ತದೆಯೇ?

ಇದರಲ್ಲಿ ಜಗಳವಿದೆ. 1970ರ ದಶಕದಲ್ಲಿ ಹಿಕಿನ್ ಮತ್ತು ನ್ಯಾನ್ಸನ್ ಕೆನಡಾದ ಬೀಟನ್ ನದಿಯಲ್ಲಿ ಅಳೆದು, ತ್ರಿಜ್ಯವು ಅಗಲದ ಸುಮಾರು 3 ಪಟ್ಟು ಇದ್ದಾಗ ವೇಗ ಗರಿಷ್ಠ, ಅದಕ್ಕಿಂತ ಬಿಗಿಯಾದರೆ ಇಳಿಯುತ್ತದೆ ಎಂದರು. ಇದು ದಶಕಗಳ ಕಾಲ ಪಠ್ಯವಾಯಿತು. 2019ರಲ್ಲಿ ಸಿಲ್ವೆಸ್ಟರ್ ಮತ್ತು ಸಂಗಡಿಗರು ಅಮೆಜಾನ್ ನದಿಗಳ ಉಪಗ್ರಹ ಚಿತ್ರಗಳಿಂದ ಬೇರೆ ಮಾತು ಹೇಳಿದರು: ಹೆಚ್ಚಿನ ಕೊರೆತ ಅತಿ ಬಾಗಿದ ಜಾಗಕ್ಕಿಂತ ಸ್ವಲ್ಪ ಕೆಳದಿಕ್ಕಿನಲ್ಲಿ ಬೀಳುತ್ತದೆ, ಆ ಅಂತರವನ್ನು ಲೆಕ್ಕಕ್ಕೆ ಹಿಡಿದರೆ ವಕ್ರತೆ ಹೆಚ್ಚಿದಷ್ಟೂ ವೇಗ ಹೆಚ್ಚು. ನಮ್ಮ ಒಲವು ಎರಡನೆಯದರ ಕಡೆಗೆ. ಆದರೆ ತೀರ ಬಿಗಿಯಾದ ತಿರುವಿನಲ್ಲಿ ಹರಿವು ದಂಡೆಯಿಂದ ಬಿಡಿಸಿಕೊಂಡು ಮಡುವಿನಲ್ಲಿ ಹಿಮ್ಮುಖ ಸುಳಿ ಏಳುವುದನ್ನು ಕಂಡವರು ಹಳೆಯ ಮಾತನ್ನು ಪೂರ್ತಿ ತಳ್ಳಿಹಾಕಲಾರರು.

ತಿರುವು ಕತ್ತರಿಸಿಹೋಗುವುದು ಹೇಗೆ?

ಎರಡು ದಾರಿ. ಒಂದು ಕುತ್ತಿಗೆ ಕಡಿತ: ಅಕ್ಕಪಕ್ಕದ ತಿರುವುಗಳ ಹೊರದಂಡೆಗಳು ಎರಡೂ ಕಡೆಯಿಂದ ಕೊರೆಯುತ್ತಾ ನಡುವಿನ ನೆಲವನ್ನು ತಿಂದು ಮುಗಿಸುತ್ತವೆ. ಇನ್ನೊಂದು ಅಡ್ಡಗಾಲುವೆ ಕಡಿತ: ಕುತ್ತಿಗೆ ಇನ್ನೂ ಅಗಲವಾಗಿರುವಾಗಲೇ ನೆರೆ ನೀರು ದಿಣ್ಣೆಯ ಮೇಲೆ ಹಾದು, ಹಳೆಯ ತಗ್ಗಿನ ಸಾಲನ್ನೋ ದನದ ಹಾದಿಯನ್ನೋ ಹಿಡಿದು, ಹೊಸ ಕಾಲುವೆ ಕೊರೆಯುತ್ತದೆ. ಅಮೆರಿಕದ ವಾಬಾಶ್ ನದಿಯ ಒಂದೇ ತಿರುವಿನಲ್ಲಿ 2008 ಮತ್ತು 2009ರಲ್ಲಿ ಇಂಥ ಎರಡು ಕಡಿತಗಳು ಸಾಲಾಗಿ ಆದವು.

ಒಳದಾರಿಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ? ಸುತ್ತುದಾರಿ 4 ಕಿ.ಮೀ., ಇಳಿಜಾರು ಕಿ.ಮೀ.ಗೆ 20 ಸೆಂ.ಮೀ. ಎಂದುಕೊಳ್ಳಿ. ಸುತ್ತಿನ ಎರಡು ತುದಿಗಳ ನಡುವೆ 80 ಸೆಂ.ಮೀ. ವ್ಯತ್ಯಾಸ. ಕುತ್ತಿಗೆ 100 ಮೀಟರ್ ಇದ್ದರೆ ಅದೇ 80 ಸೆಂ.ಮೀ. ಆ 100 ಮೀಟರಿನಲ್ಲೇ ಇಳಿಯಬೇಕು: ಇಳಿಜಾರು 40 ಪಟ್ಟು. ಒಮ್ಮೆ ಬಾಯಿ ತೆರೆದರೆ ಮುಚ್ಚುವುದು ಕಷ್ಟ. 1876ರ ಏಪ್ರಿಲ್ 26ರಂದು ಮಿಸಿಸಿಪ್ಪಿ ವಿಕ್ಸ್‌ಬರ್ಗ್ ಎದುರಿನ ಕುತ್ತಿಗೆಯನ್ನು ಕಡಿದು, ನದಿದಂಡೆಯ ಬಂದರು ಪಟ್ಟಣವನ್ನು ನದಿಯಿಂದ ದೂರ ಮಾಡಿತು. ಅದಕ್ಕೂ ಮುಂಚೆ ಅಮೆರಿಕದ ಅಂತರ್ಯುದ್ಧದಲ್ಲಿ ಅದೇ ಕುತ್ತಿಗೆಯಲ್ಲಿ ಕಾಲುವೆ ತೋಡಲು ಸೈನ್ಯ ಹೆಣಗಿ ಸೋತಿತ್ತು.

ಕಡಿದುಹೋದ ತಿರುವಿನಲ್ಲಿ ಉಂಟಾಗುವ ಲಾಳಾಕಾರದ ಸರೋವರ ಎಷ್ಟು ಕಾಲ ಉಳಿಯುತ್ತದೆ?

ಹೊಸ ಹಾದಿ ಹಳೆಯದರಿಂದ ಯಾವ ಕೋನದಲ್ಲಿ ಕವಲೊಡೆಯಿತು ಎಂಬುದನ್ನು ನೋಡಿ. ಕುತ್ತಿಗೆ ಕಡಿತದಲ್ಲಿ ಕೋನ ದೊಡ್ಡದು. ಬಾಯಿಗಳಿಗೆ ಮರಳು ಬೇಗ ಬಿದ್ದು ಮುಚ್ಚುತ್ತವೆ, ಒಳಗೆ ಆಳದ ನೀರು ಸಿಕ್ಕಿಕೊಳ್ಳುತ್ತದೆ, ಆಮೇಲೆ ನೆರೆ ಬಂದಾಗ ಮಾತ್ರ ಸಣ್ಣ ಹೂಳು ಸೇರುತ್ತದೆ. ಅಂಥ ಸರೋವರ ನೂರಾರು ವರ್ಷ ಬಾಳಬಹುದು. ಅಡ್ಡಗಾಲುವೆ ಕಡಿತದಲ್ಲಿ ಕೋನ ಸಣ್ಣದು. ಹಳೆಯ ತೋಳಿಗೆ ಬಹಳ ದಿನ ನೀರೂ ಮರಳೂ ಹೋಗುತ್ತಲೇ ಇದ್ದು, ಸರೋವರವಾಗುವ ಮೊದಲೇ ತುಂಬಿಬಿಡುತ್ತದೆ.

ಕಡಿತವಾದ ಮೇಲೆ ನದಿ ಶಾಂತವಾಗುತ್ತದೆಯೇ?

ಸುತ್ತಲಿನ ತಿರುವುಗಳು ಚುರುಕಾಗುತ್ತವೆ. ಕಡಿದಲ್ಲಿ ಇಳಿಜಾರು ಹೆಚ್ಚಿರುವುದರಿಂದ ತಳ ಕೊರೆಯುತ್ತಾ ಮೇಲ್ದಿಕ್ಕಿಗೆ ಹೋಗುತ್ತದೆ, ಹಾಗೆ ಕೊರೆದದ್ದು ಕೆಳಗೆ ದಿಣ್ಣೆಯಾಗುತ್ತದೆ. ಹೊಸ ದಿಣ್ಣೆ ಅಲ್ಲಿನ ದಂಡೆಯನ್ನು ದೂಡುತ್ತದೆ. ಮಿಸಿಸಿಪ್ಪಿಯ ಕೆಳಭಾಗದಲ್ಲಿ 1930ರ ದಶಕ ಮತ್ತು 1940ರ ಆರಂಭದಲ್ಲಿ ನೆರೆ ಬೇಗ ಹೋಗಲೆಂದು ತಿರುವುಗಳನ್ನು ಕತ್ತರಿಸಿ ಹಾದಿಯನ್ನು ಸುಮಾರು 240 ಕಿ.ಮೀ. ಮೊಟಕು ಮಾಡಿದರು. ನದಿ ಕಳೆದುಕೊಂಡ ಉದ್ದವನ್ನು ಮತ್ತೆ ಗಳಿಸಲು ಹೊರಟಿತು. ಅದನ್ನು ಹಿಡಿದು ನಿಲ್ಲಿಸಲು ದಂಡೆಗೆ ಕಾಂಕ್ರೀಟ್ ಚಾಪೆ ಹಾಸುವ ಕೆಲಸ ಇಂದಿಗೂ ಮುಗಿದಿಲ್ಲ.

ಉಪಗ್ರಹ ಚಿತ್ರಗಳಿಂದ ಸರಿತ (ನದಿ ಪಕ್ಕಕ್ಕೆ ಸರಿದ ದೂರ) ಅಳೆಯುವುದು ಹೇಗೆ?

ಚಿತ್ರಗಳು ಉಚಿತ. ಲ್ಯಾಂಡ್‌ಸ್ಯಾಟ್ 1972ರಿಂದ ಇದೆ, 1982ರಿಂದ 30 ಮೀಟರ್ ವಿವರದಲ್ಲಿ. ಸೆಂಟಿನೆಲ್-2 2015ರಿಂದ, 10 ಮೀಟರ್. ಅದಕ್ಕೂ ಹಿಂದಿನದು ಬೇಕಿದ್ದರೆ 1960ರ ದಶಕದ, ಅಮೆರಿಕದ ಕೊರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳು 1995ರಿಂದ ಮುಕ್ತವಾಗಿವೆ, ಹಳೆಯ ಟೋಪೋಶೀಟ್‌ಗಳೂ ಸಿಗುತ್ತವೆ. ಕ್ರಮ ಹೀಗೆ:

1. ಒಂದೇ ಋತುವಿನ, ನೀರು ಕಡಿಮೆ ಇರುವಾಗಿನ ಎರಡು ಚಿತ್ರ ಆರಿಸಿ. ಸಣ್ಣ ನದಿಗೆ 10 ವರ್ಷವಾದರೂ ಅಂತರ ಇರಲಿ.
2. ಬದಲಾಗದ ಗುರುತುಗಳ ಮೇಲೆ (ಸೇತುವೆ ತುದಿ, ರಸ್ತೆ ಕೂಡುವ ಜಾಗ, ಹಳೆಯ ಕಟ್ಟಡದ ಮೂಲೆ) ಎರಡೂ ಚಿತ್ರ ಕೂರುತ್ತವೆಯೇ ಪರೀಕ್ಷಿಸಿ. ಎಷ್ಟು ತಪ್ಪು ಬಂತು ಎಂದು ಬರೆದಿಡಿ.
3. ಎರಡೂ ದಂಡೆಯ ಗೆರೆ ಎಳೆಯಿರಿ. ನೀರಿನ ಅಂಚನ್ನು ಬಿಟ್ಟು, ಕಾಯಂ ಗಿಡಗಂಟಿ ಶುರುವಾಗುವ ಅಂಚನ್ನು ಹಿಡಿಯಿರಿ.
4. ನಡುಗೆರೆ ತೆಗೆಯಿರಿ. ಹಳೆಯ ಮತ್ತು ಹೊಸ ನಡುಗೆರೆಗಳ ನಡುವಿನ ವಿಸ್ತೀರ್ಣವನ್ನು ಅವುಗಳ ಸರಾಸರಿ ಉದ್ದದಿಂದ ಭಾಗಿಸಿ, ನಂತರ ವರ್ಷಗಳಿಂದ ಭಾಗಿಸಿ.

18,000 ಚದರ ಮೀಟರ್ ವಿಸ್ತೀರ್ಣ, 1,500 ಮೀಟರ್ ಉದ್ದ, 10 ವರ್ಷ ಎಂದರೆ ಒಟ್ಟು 12 ಮೀಟರ್, ವರ್ಷಕ್ಕೆ 1.2 ಮೀಟರ್. 60 ಮೀಟರ್ ಅಗಲದ ನದಿಗೆ ಶೇ. 2. ಇದೇ ಲೆಕ್ಕದಲ್ಲಿ ಚಿತ್ರಗಳ ತಪ್ಪು 15 ಮೀಟರ್ ಇದ್ದಿದ್ದರೆ? 12 ಮೀಟರ್ ಸರಿತ ಎಂಬುದಕ್ಕೆ ಅರ್ಥವೇ ಇಲ್ಲ. ಈ ಹೋಲಿಕೆ ಮಾಡದೆ ಬಣ್ಣದ ನಕ್ಷೆ ಮುದ್ರಿಸಿದ ವರದಿಗಳಿಗೆ ಬರವಿಲ್ಲ.

ಗಿಡದಂಚು ಯಾಕೆ ಎಂದರೆ, ಒಳದಂಡೆಯ ದಿಣ್ಣೆ ಬಹಳ ಸೌಮ್ಯ ಇಳಿಜಾರಿನದು. 30ಕ್ಕೆ 1ರ ಇಳಿಜಾರಿನಲ್ಲಿ ನೀರಿನ ಮಟ್ಟ 1 ಮೀಟರ್ ಇಳಿದರೆ ನೀರಿನ ಅಂಚು 30 ಮೀಟರ್ ಸರಿಯುತ್ತದೆ. ದಂಡೆ ಒಂದಿಂಚೂ ಕದಲಿರುವುದಿಲ್ಲ.

ನೆಲದ ಮೇಲೆ ಅಳೆಯಲು ಸರಳ ವಿಧಾನ?

10ರಿಂದ 12 ಮಿ.ಮೀ. ದಪ್ಪದ, ಸುಮಾರು 1 ಮೀಟರ್ ಉದ್ದದ ಕಬ್ಬಿಣದ ಸರಳುಗಳನ್ನು ಹೊರದಂಡೆಯ ಮುಖಕ್ಕೆ ಅಡ್ಡಲಾಗಿ, ಕೆಳಗೆ, ನಡುವೆ, ಮೇಲೆ ಹೀಗೆ ಸಾಲಾಗಿ ಹೊಡೆಯಿರಿ. 5 ಸೆಂ.ಮೀ. ಹೊರಗುಳಿಯಲಿ. ಪ್ರತಿ ನೆರೆಯ ನಂತರ ಎಷ್ಟು ಹೊರಬಂದಿದೆ ಎಂದು ಅಳೆದು ಮತ್ತೆ ಒಳಕ್ಕೆ ಹೊಡೆಯಿರಿ. ಒಂದೇ ಹೆಂಟೆ ಮಗುಚಿದರೆ ಸರಳೂ ಹೋಗುತ್ತದೆ. ಕಳೆದುಹೋದ ಸರಳನ್ನು ಶೂನ್ಯ ಎಂದು ಬರೆಯುವುದು ಸಾಮಾನ್ಯ ತಪ್ಪು, ನಿಜದಲ್ಲಿ ಅದೇ ಅತಿ ದೊಡ್ಡ ಅಳತೆ. ಅದಕ್ಕಾಗಿ ದಂಡೆಯ ಮೇಲೆ ತುದಿಯಿಂದ 5, 10, 20 ಮೀಟರ್ ಹಿಂದೆ ಗೂಟಗಳನ್ನೂ ನೆಡಬೇಕು. ಸರಳು ಹೋದರೂ ಟೇಪು ಹಿಡಿದು ಗೂಟದಿಂದ ತುದಿಗೆ ಅಳೆಯಬಹುದು.

ಮರ ನೆಟ್ಟರೆ ಕೊರೆತ ನಿಲ್ಲುತ್ತದೆಯೇ?

ನಿಧಾನವಾಗುತ್ತದೆ, ಬೇರು ಬುಡದ ತನಕ ಹೋದರೆ ಮಾತ್ರ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯಲ್ಲಿ ಕೃಷಿಭೂಮಿಯ ದಂಡೆ ಕಾಡಿನ ದಂಡೆಗಿಂತ ಶೇ. 80ರಿಂದ 150ರಷ್ಟು ಹೆಚ್ಚು ಸುಲಭವಾಗಿ ಸವೆಯುವುದು ಕಂಡಿದೆ. ದಂಡೆ 1.5 ಮೀಟರ್ ಎತ್ತರವಿದ್ದರೆ ಮರ ದೊಡ್ಡ ಕೆಲಸ ಮಾಡುತ್ತದೆ. 5 ಮೀಟರ್ ಎತ್ತರದ ದಂಡೆಯಲ್ಲಿ ಬೇರು ಮೇಲಿನ ಪದರದಲ್ಲೇ ಉಳಿಯುತ್ತದೆ. ಕೆಳಗಿನ ಮರಳು ಹೋದಾಗ ಮರವೇ ಹೆಂಟೆಯ ಮೇಲಿನ ಹೊರೆಯಾಗುತ್ತದೆ.

ಕಲ್ಲು ಕಟ್ಟಿದರೆ?

ಕಲ್ಲಿನ ಕೆಲಸ ಸೋಲುವುದು ಸಾಮಾನ್ಯವಾಗಿ ಇಳಿಜಾರಿನ ಮುಖದಲ್ಲಲ್ಲ, ಪಾದದಲ್ಲಿ. ದಂಡೆ ಗಟ್ಟಿಯಾದಾಗ ಪಕ್ಕಕ್ಕೆ ತಿನ್ನಲಾಗದ ನೀರು ಕೆಳಕ್ಕೆ ತಿನ್ನುತ್ತದೆ. ಎಷ್ಟು ಆಳಕ್ಕೆ ಎಂದು ಅಂದಾಜಿಸಲು ಭಾರತದ ಎಂಜಿನಿಯರುಗಳು ಲೇಸಿ ಸೂತ್ರ ಬಳಸುತ್ತಾರೆ. ನೆರೆಯ ಹರಿವನ್ನು (ಸೆಕೆಂಡಿಗೆ ಘನ ಮೀಟರ್) ಹೂಳಿನ ಅಂಶದಿಂದ ಭಾಗಿಸಿ, ಘನಮೂಲ ತೆಗೆದು, 0.473ರಿಂದ ಗುಣಿಸಿ. ಹೂಳಿನ ಅಂಶವೆಂದರೆ ಕಣದ ಗಾತ್ರದ (ಮಿ.ಮೀ.) ವರ್ಗಮೂಲದ 1.76 ಪಟ್ಟು. 0.32 ಮಿ.ಮೀ. ಮರಳಿಗೆ ಅದು ಸುಮಾರು 1. ಹರಿವು 1,000 ಇದ್ದರೆ 4.73 ಮೀಟರ್ ಬರುತ್ತದೆ. ಸಾಧಾರಣ ತಿರುವಿಗೆ ಇದನ್ನು 1.5ರಿಂದ, ತೀವ್ರ ತಿರುವಿಗೆ 1.75ರಿಂದ ಗುಣಿಸಬೇಕು. ತೀವ್ರ ತಿರುವಿನಲ್ಲಿ ಗರಿಷ್ಠ ನೆರೆಮಟ್ಟದಿಂದ ಸುಮಾರು 8.3 ಮೀಟರ್ ಕೆಳಗೆ ಕೊರೆತ ಎಂದಾಯಿತು. ಈಗಿನ ತಳ ನೆರೆಮಟ್ಟದಿಂದ 5 ಮೀಟರ್ ಕೆಳಗಿದ್ದರೆ ಇನ್ನೂ 3.3 ಮೀಟರ್ ಹೋಗಲಿದೆ. ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 5 ಮೀಟರ್ ಅಗಲಕ್ಕೆ ಬಿಡಿಗಲ್ಲಿನ ಹಾಸು ಪಾದದಲ್ಲಿರಬೇಕು. ತಳ ಕೊರೆದಂತೆ ಆ ಕಲ್ಲುಗಳು ತಾವೇ ಜಾರಿ ಕೆಳಗಿನ ಇಳಿಜಾರನ್ನು ಹೊದೆಯುತ್ತವೆ. ಅವನ್ನು ಸಿಮೆಂಟಿನಿಂದ ಬಂಧಿಸಿದರೆ ಜಾರುವುದಿಲ್ಲ, ಅಡಿ ಟೊಳ್ಳಾಗಿ ಮುರಿಯುತ್ತವೆ.

ಕಲ್ಲಿನ ಕೆಳಗೆ ಜಲ್ಲಿಯ ಸೋಸುಪದರ ಅಥವಾ ಜಿಯೋಟೆಕ್ಸ್‌ಟೈಲ್ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ) ಇಲ್ಲದಿದ್ದರೆ ಸಂದುಗಳಿಂದ ಮರಳು ಸೋರಿ ಗೋಡೆ ಕುಸಿಯುತ್ತದೆ. ಮೇಲ್ದಿಕ್ಕಿನ ತುದಿಯನ್ನು ದಂಡೆಯೊಳಗೆ ಹುಗಿಸದಿದ್ದರೆ ನೀರು ಅದರ ಬೆನ್ನಿಗೆ ಬರುತ್ತದೆ. ಇನ್ನು ಕೆಳಗಿನವರ ಪಾಡು: ಇಲ್ಲಿ ಸಿಗದ ಮರಳಿಗಾಗಿ ನದಿ ಮುಂದಿನ ದಂಡೆಯನ್ನು ಕೆರೆಯುತ್ತದೆ.

ಒಳದಂಡೆಯ ದಿಣ್ಣೆಯಿಂದ ಮರಳು ತೆಗೆದರೆ ಹೊರದಂಡೆಯ ಒತ್ತಡ ಕಡಿಮೆಯಾಗುವುದಿಲ್ಲವೇ?

ಒಂದೆರಡು ಮಳೆಗಾಲ ಹಾಗೆ ಕಾಣಬಹುದು. ಗುಂಡಿ ಮೇಲಿನಿಂದ ಬರುವ ಮರಳನ್ನು ನುಂಗುತ್ತದೆ, ಕೆಳಗೆ ಮರಳಿಲ್ಲದ ಹಸಿದ ನೀರು ಹೋಗುತ್ತದೆ, ತಳ ಇಳಿಯುತ್ತದೆ. ತಳ ಇಳಿದಷ್ಟೂ ದಂಡೆ ಎತ್ತರವಾಗುತ್ತದೆ, ಎತ್ತರದ ದಂಡೆ ಸುಲಭವಾಗಿ ಮಗುಚುತ್ತದೆ. ದಿಣ್ಣೆಯ ಮೇಲ್ಪದರ ಕೆರೆದರೆ ಅಡ್ಡಗಾಲುವೆಗೆ ದಾರಿ ಮಾಡಿಕೊಟ್ಟಂತೆ.

ಅಣೆಕಟ್ಟಿನ ಕೆಳಗೆ ತಿರುವುಗಳು ಏನಾಗುತ್ತವೆ?

ಹೆಚ್ಚಾಗಿ ಮಂಕಾಗುತ್ತವೆ. ನೆರೆಯ ಗರಿಷ್ಠ ಹರಿವು ಕಡಿಮೆ, ಮರಳೂ ಕಡಿಮೆ. ದಿಣ್ಣೆಯ ಮೇಲೆ ಮರ ಬೆಳೆದು ಕಾಯಂ ದಂಡೆಯಾಗುತ್ತದೆ.

2008ರಲ್ಲಿ ಕೋಸಿ ನದಿ ದಾರಿ ಬದಲಿಸಿದ್ದೂ ಇದೇನಾ?

ಅಲ್ಲ. ಅದು ಹಾದಿ ಜಿಗಿತ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಒಡ್ಡು ಒಡೆದು, ನದಿ ಹಿಂದೆಂದೋ ಬಿಟ್ಟಿದ್ದ ಹಳೆಯ ಹಾದಿಗಳಿಗೆ ನುಗ್ಗಿತು. ಕೆಲವೆಡೆ ಸುಮಾರು 120 ಕಿ.ಮೀ. ಪೂರ್ವಕ್ಕೆ ಸರಿಯಿತು. ಹೂಳು ತುಂಬಿ ನದಿತಳವೇ ಸುತ್ತಲಿನ ನೆಲಕ್ಕಿಂತ ಎತ್ತರವಾದಾಗ ಆಗುವ ಘಟನೆ ಅದು. ತಿರುವು ಸರಿಯುವಾಗ ನದಿ ತನ್ನ ಹಾದಿಯನ್ನು ಬಿಡುವುದಿಲ್ಲ, ಅದನ್ನೇ ಎಳೆದುಕೊಂಡು ಹೋಗುತ್ತದೆ.

ಕಾನೂನಿಗೂ ಈ ವ್ಯತ್ಯಾಸ ಬೇಕು. 1877ರಲ್ಲಿ ಮಿಸ್ಸೌರಿ ನದಿ ಒಂದು ತಿರುವನ್ನು ಹಠಾತ್ತನೆ ಕಡಿದಾಗ ಅಯೋವಾ ರಾಜ್ಯದ ತುಂಡೊಂದು ನೆಬ್ರಾಸ್ಕಾದ ಬದಿಗೆ ಬಿತ್ತು. 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನಿಧಾನವಾಗಿ ಸರಿದರೆ ಗಡಿಯೂ ನದಿಯೊಂದಿಗೆ ಸರಿಯುತ್ತದೆ, ಹಠಾತ್ ಕಡಿತವಾದರೆ ಹಳೆಯ ಜಾಗದಲ್ಲೇ ಉಳಿಯುತ್ತದೆ ಎಂದು ತೀರ್ಪಿತ್ತಿತು. ಅಲ್ಲಿನ ಕಾರ್ಟರ್ ಲೇಕ್ ಊರು ಇಂದಿಗೂ ನದಿಯ ಆಚೆ ಬದಿಯಲ್ಲಿದ್ದುಕೊಂಡೇ ಅಯೋವಾಕ್ಕೆ ಸೇರಿದೆ.

ನೇರ ಮಾಡಿದ ನದಿಗೆ ಮತ್ತೆ ತಿರುವು ಕೊಡಬಹುದೇ?

ಕೊಟ್ಟಿದ್ದಾರೆ. ಫ್ಲಾರಿಡಾದ ಕಿಸಿಮ್ಮಿ ನದಿಯ 166 ಕಿ.ಮೀ. ಸುತ್ತುಹಾದಿಯನ್ನು 1962ರಿಂದ 1971ರ ನಡುವೆ 90 ಕಿ.ಮೀ. ಕಾಲುವೆಯಾಗಿ ತೋಡಿದ್ದರು. 1999ರಲ್ಲಿ ಆರಂಭಿಸಿ 2021ರ ಹೊತ್ತಿಗೆ ಕಾಲುವೆಯ ಒಂದು ಭಾಗವನ್ನು ಮಣ್ಣು ತುಂಬಿ ಮುಚ್ಚಿ, ಹಳೆಯ ತಿರುವುಗಳಿಗೆ ನೀರು ಮರಳಿಸಿದರು. ಡೆನ್ಮಾರ್ಕಿನ ಸ್ಕೆರ್ನ್ ನದಿಯಲ್ಲೂ 1999ರಿಂದ 2002ರ ನಡುವೆ ಇಂಥದ್ದೇ ಕೆಲಸವಾಯಿತು.

ಸೋತದ್ದೂ ಇದೆ. ಕ್ಯಾಲಿಫೋರ್ನಿಯಾದ ಉವಾಸ್ ಹಳ್ಳಕ್ಕೆ 1995ರ ಕೊನೆಯಲ್ಲಿ ಅಂದವಾದ ಸಮ ತಿರುವುಗಳನ್ನು ಕೊರೆದು ದಂಡೆ ಕಟ್ಟಿದರು. 1996ರ ಫೆಬ್ರವರಿಯ ನೆರೆ ಎಲ್ಲವನ್ನೂ ಒರೆಸಿತು. ಆ ಹಳ್ಳ ಹಿಂದೆಯೂ ಸುತ್ತುನದಿಯಾಗಿರಲಿಲ್ಲ. ಮರಳುಜಲ್ಲಿ ಹೆಚ್ಚಿರುವ, ಹರಿವು ಏಕಾಏಕಿ ಏರುವ, ಕವಲೊಡೆಯುವ ಸ್ವಭಾವದ್ದು. ಹಳೆಯ ನಕ್ಷೆಯಲ್ಲಿ ತಿರುವು ಇತ್ತೇ ಎಂದು ಮೊದಲು ನೋಡಬೇಕು.

ತಿರುವಿನ ಬಳಿ ಕಟ್ಟಡವನ್ನು ಎಷ್ಟು ದೂರ ಇಡಬೇಕು?

ವಾರ್ಷಿಕ ಸರಿತವನ್ನು ಕಟ್ಟಡದ ಆಯುಷ್ಯದಿಂದ ಗುಣಿಸಿ. ಮೇಲಿನ ಉದಾಹರಣೆಯ ವರ್ಷಕ್ಕೆ 1.2 ಮೀಟರ್ ಸರಾಸರಿ. ತಿರುವಿನ ನೆತ್ತಿಯಿಂದ ಕೆಳಗೆ ಇದರ ಎರಡು ಮೂರು ಪಟ್ಟು ಇರಬಹುದು, ಹಾಗಾಗಿ ನಿಮ್ಮ ಜಾಗದ ಎದುರಿನ ದರವನ್ನೇ ಅಳೆಯಿರಿ. ಅದು 3 ಮೀಟರ್ ಇದ್ದರೆ 50 ವರ್ಷಕ್ಕೆ 150 ಮೀಟರ್. ಅದಕ್ಕೆ ಒಂದೇ ನೆರೆಯಲ್ಲಿ ಮಗುಚಬಹುದಾದ ತುಂಡಿನ ಅಗಲ ಮತ್ತು ಅಳತೆಯ ತಪ್ಪನ್ನು ಸೇರಿಸಿ.

ಈ ಲೆಕ್ಕ ಈಗ ಕೊರೆಯುತ್ತಿರುವ ದಂಡೆಗೆ ಮಾತ್ರ. ತಿರುವು ಕೆಳಕ್ಕೆ ಜಾರುವುದರಿಂದ, ಇಂದು ಶಾಂತವಾಗಿರುವ ದಾಟಿನ ಬಳಿಯ ಜಾಗವೇ ಮುಂದೆ ಹೊರದಂಡೆಯಾಗಬಹುದು. ನಕ್ಷೆಯಲ್ಲಿ ಮೇಲಿನ ಎರಡು ತಿರುವುಗಳನ್ನು ಅವುಗಳ ವೇಗದಲ್ಲೇ ಕೆಳಕ್ಕೆ ಸರಿಸಿ ನೋಡಿ. ಕುತ್ತಿಗೆಯ ಅಗಲ ನದಿಯ ಅಗಲಕ್ಕಿಂತ ಕಡಿಮೆ ಇದ್ದರೆ ಲೆಕ್ಕ ಬೇಡ, ಆ ಕುತ್ತಿಗೆಯ ಮೇಲಾಗಲೀ ಅದರಾಚೆಗೆ ಹೊಸ ಹಾದಿ ನುಗ್ಗುವ ದಿಕ್ಕಿನಲ್ಲಾಗಲೀ ಏನನ್ನೂ ಕಟ್ಟಬೇಡಿ.